ದೂರು ಯಾರದು? ಜಾರಕರ್ಮದ ಕಾನೂನು ಮತ್ತು ಕನ್ನಡದ ಕೆಲವು ಕೃತಿಗಳು

ಭಾರತೀಯ ದಂಡ ಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಮೊಕದ್ದಮೆಯಲ್ಲಿ ಅಸಿಂಧುಗೊಳಿಸಿತು. ಅದಕ್ಕೆ ಮೂರು ವಾರಗಳ ಹಿಂದೆ, ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧಗಳನ್ನು 377ನೆಯ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಇಂತಹ ತೀರ್ಪುಗಳ ಬೆಳಕಿನಲ್ಲಿ ಹಳೆಯ ಕೃತಿಗಳನ್ನು ಓದಹೊರಟಾಗ ಎರಡು ಸುಲಭದ ದಾರಿಗಳು ಎದುರಾಗುತ್ತವೆ. ನಮ್ಮ ಪೂರ್ವಿಕ ಕವಿಗಳು ಉದಾರಿಗಳಾಗಿದ್ದರು, ಪರಕೀಯ ಆಳ್ವಿಕೆಯೇ ಎಲ್ಲವನ್ನೂ ಅಪರಾಧವನ್ನಾಗಿಸಿತು ಎಂಬುದು ಒಂದು. ಈ ಬಗೆಯ ಸ್ವಾತಂತ್ರ್ಯದ ಮಾತು ನಮ್ಮ ನೆಲದ್ದಲ್ಲ, ಅದು ಎರವಲು ತಂದದ್ದು ಎಂಬುದು ಇನ್ನೊಂದು. ಇವೆರಡೂ ಕೃತಿಯಲ್ಲಿ ಕೃತ್ಯವನ್ನಷ್ಟೇ ಹುಡುಕುತ್ತವೆ: ಕವಿ ಅದನ್ನು ಒಪ್ಪಿದನೇ, ಖಂಡಿಸಿದನೇ ಎಂದು ಕೇಳಿ ಸುಮ್ಮನಾಗುತ್ತವೆ. ಪ್ರಸ್ತುತ ಲೇಖನದಲ್ಲಿ ನಾವು ಕೇಳಬಯಸುವ ಪ್ರಶ್ನೆ ಬೇರೆ. ಒಂದು ಕೃತಿಯಲ್ಲಿ ದೂರು ಕೊಡುವ ಅಧಿಕಾರ ಯಾರಿಗಿದೆ? ಯಾರ ನೋವು ದೂರಾಗಬಲ್ಲುದು, ಯಾರದು ಆಗಲಾರದು?

ಈ ಪ್ರಶ್ನೆ ನಮಗೆ ಕಾನೂನಿನ ರಚನೆಯಿಂದಲೇ ದೊರೆತದ್ದು. 1860ರಲ್ಲಿ ಅಂಗೀಕೃತವಾಗಿ 1862ರಿಂದ ಜಾರಿಗೆ ಬಂದ ದಂಡ ಸಂಹಿತೆಯ 497ನೆಯ ಕಲಮು ಪರಪತ್ನಿಯೊಡನೆ, ಆಕೆಯ ಪತಿಯ ಸಮ್ಮತಿಯಿಲ್ಲದೆ, ಕೂಡಿದ ಪುರುಷನಿಗೆ ಐದು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತಿತ್ತು. ಸ್ತ್ರೀಗೆ ಶಿಕ್ಷೆಯಿರಲಿಲ್ಲ, ದುಷ್ಪ್ರೇರಣೆಯ ಹೊಣೆಯೂ ಆಕೆಯದಲ್ಲ. ಇದನ್ನು ಸ್ತ್ರೀಪರವಾದ ವಿನಾಯಿತಿಯೆಂದು ಬಹುಕಾಲ ಬಗೆಯಲಾಯಿತು. 1954ರ ಯೂಸುಫ್ ಅಬ್ದುಲ್ ಅಜೀಜ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದೂ ಇದೇ ನೆಲೆಯಿಂದ. ಆದರೆ ದಂಡ ಪ್ರಕ್ರಿಯಾ ಸಂಹಿತೆಯ 198ನೆಯ ಕಲಮನ್ನು ಜೊತೆಗಿಟ್ಟು ಓದಿದಾಗ ವಿನಾಯಿತಿಯ ಬಣ್ಣ ಬದಲಾಗುತ್ತದೆ. ಈ ಅಪರಾಧದಲ್ಲಿ ಪತಿಯೊಬ್ಬನೇ ಬಾಧಿತನು. ಅವನ ಗೈರುಹಾಜರಿಯಲ್ಲಿ, ಅವನ ಪರವಾಗಿ ಆಕೆಯ ಪಾಲನೆಯ ಹೊಣೆ ಹೊತ್ತಿದ್ದವನು ನ್ಯಾಯಾಲಯದ ಅನುಮತಿ ಪಡೆದು ದೂರು ಕೊಡಬಹುದಾಗಿತ್ತು. ಗಂಡನು ಅನ್ಯಳೊಡನೆ ಕೂಡಿದರೆ ಹೆಂಡತಿಗೆ ದೂರಿಲ್ಲ. ಗಂಡನು ಒಪ್ಪಿದ್ದರೆ ಅಪರಾಧವೇ ಇಲ್ಲ. ಅಂದರೆ ಕಾನೂನು ಕಾಯುತ್ತಿದ್ದುದು ದಾಂಪತ್ಯದ ಪಾವಿತ್ರ್ಯವನ್ನಲ್ಲ, ಒಬ್ಬನ ಸ್ವತ್ತನ್ನು. ಸ್ತ್ರೀಗೆ ಇಲ್ಲಿ ಕರುಣೆ ಉಂಟು, ಇಚ್ಛೆ ಇಲ್ಲ. ಈ ಎರಡು ಪದಗಳನ್ನು, ಕರುಣೆ ಮತ್ತು ಇಚ್ಛೆ, ಮುಂದಿನ ಓದಿಗೆ ನಾವು ಅಳತೆಗೋಲಾಗಿ ಬಳಸಲಿದ್ದೇವೆ.

ಕನ್ನಡದ ಕೃತಿಗಳನ್ನು ಚರ್ಚಿಸುವಾಗ ಪುಣೆಯನ್ನು ಹಿನ್ನೆಲೆಯಾಗಿ ಆರಿಸಿಕೊಂಡದ್ದಕ್ಕೆ ಕಾರಣ ಹೇಳಬೇಕು. ಆ ನಗರದ ಲಾ ಕಾಲೇಜು ರಸ್ತೆಯ ಆಸುಪಾಸಿನಲ್ಲಿ ಮೂರು ಸಂಸ್ಥೆಗಳಿವೆ. 1924ರಲ್ಲಿ ಸ್ಥಾಪಿತವಾದ, ಆ ರಸ್ತೆಗೆ ಹೆಸರು ಕೊಟ್ಟ ಕಾನೂನು ಕಾಲೇಜು ಒಂದು. 1917ರಲ್ಲಿ ಸ್ಥಾಪಿತವಾದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇನ್ನೊಂದು. ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸವು 1930ರಿಂದ 1962ರವರೆಗೆ ಐದು ಸಂಪುಟಗಳಲ್ಲಿ ಪ್ರಕಟವಾದುದು ಇಲ್ಲಿಂದ. ಮೂರನೆಯದು ಹಳೆಯ ಪ್ರಭಾತ್ ಸ್ಟುಡಿಯೋ ನೆಲದಲ್ಲಿರುವ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ. ಗಿರೀಶ ಕಾರ್ನಾಡರು 1974-75ರಲ್ಲಿ ಇದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು 1975ರಲ್ಲಿ ಇಲ್ಲಿಂದಲೇ ಕಲಿತು ಹೊರಬಂದರು. ಜಾರಕರ್ಮದ ಕಾನೂನನ್ನು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ವಿಚಾರಣೆಗೆ ಒಡ್ಡಿದ ಇಬ್ಬರು ಆಧುನಿಕರು ಇವರೇ. ಸ್ಮೃತಿ, ಸಂಹಿತೆ, ಕಲೆ ಮೂರೂ ಒಂದೇ ಓಣಿಯ ನೆರೆಹೊರೆಯಾಗಿರುವುದು ಕೇವಲ ಕಾಕತಾಳೀಯವೆಂದು ಬಲ್ಲೆವು; ಆದರೂ ವಾದಕ್ಕೆ ಅನುಕೂಲವಾದ ಕಾಕತಾಳೀಯ.

ಬ್ರಿಟಿಷರಿಗಿಂತ ಮುಂಚೆ ಏನಿತ್ತು ಎಂಬ ಪ್ರಶ್ನೆಗೂ ಪುಣೆಯಲ್ಲಿ ಉತ್ತರವಿದೆ. ಸ್ಮೃತಿಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸ್ತ್ರೀಸಂಗ್ರಹಣವೂ ಒಂದು. ಇದು ಕನ್ನಡ ನಾಡಿಗೆ ಹೊರತಾದುದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಪುರುಷನನ್ನು ಯಾವ ಕುರುಹುಗಳಿಂದ ಹಿಡಿಯಬಹುದೆಂಬುದನ್ನು ಆ ಸ್ಮೃತಿ ಹೇಳುತ್ತದೆ, ಶಿಕ್ಷೆಯನ್ನು ವರ್ಣಕ್ಕೆ ತಕ್ಕಂತೆ ಏರಿಳಿಸುತ್ತದೆ. ಪೇಶ್ವೆಯವರ ಆಳ್ವಿಕೆಯಲ್ಲಿ ಇದು ಗ್ರಂಥದಿಂದ ದಫ್ತರಿಗೆ ಇಳಿಯಿತು. ಪುಣೆಯ ಪೇಶ್ವೆ ದಫ್ತರಿನ ಮೋಡಿ ಲಿಪಿಯ ಕಾಗದಗಳಲ್ಲಿ ವ್ಯಭಿಚಾರದ ಆರೋಪ ಹೊತ್ತ ಸ್ತ್ರೀಯರನ್ನು ಕೋಟೆಗಳಲ್ಲಿ ಸೆರೆಯಿಟ್ಟ, ಸರಕಾರದ ದಾಸಿಯರನ್ನಾಗಿ ಮಾಡಿಕೊಂಡ ದಾಖಲೆಗಳಿವೆ. ಹದಿನೆಂಟನೆಯ ಶತಮಾನದ ಈ ಕಣ್ಗಾವಲನ್ನು ಉಮಾ ಚಕ್ರವರ್ತಿಯವರು ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ಇಲ್ಲಿ ಗಂಡನ ದೂರಿಗಾಗಿ ರಾಜ್ಯವು ಕಾಯಬೇಕಿರಲಿಲ್ಲ. ರಾಜ್ಯವೇ ಜಾತಿಯ ಶೀಲದ ಪಾಲಕ. ಧಾರವಾಡದ ಸೀಮೆಯೂ 1817-18ರವರೆಗೆ ಪೇಶ್ವೆಯವರ ಅಧಿಕಾರಕ್ಕೆ ಸೇರಿದ್ದನ್ನು ನೆನೆದರೆ, ಬ್ರಿಟಿಷ್-ಪೂರ್ವದ ಔದಾರ್ಯವನ್ನು ಕುರಿತ ಕಥನ ನಿಲ್ಲಲಾರದು. ಸಂಹಿತೆ ಮಾಡಿದ್ದು ಇಷ್ಟೇ: ಜಾತಿಯ ದೂರನ್ನು ಗಂಡನ ದೂರಾಗಿ ಕಿರಿದುಗೊಳಿಸಿತು.

ಜಾತಿಯ ದೂರು ಅಷ್ಟರಿಂದ ಅಳಿಯಲಿಲ್ಲ. ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು 1863ರಲ್ಲಿ ಪುಣೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆಯಬೇಕಾಗಿ ಬಂದುದು ಆ ದೂರಿಗೆ ಅಂಜಿ ಶಿಶುವನ್ನು ಕೊಲ್ಲುತ್ತಿದ್ದ ವಿಧವೆಯರಿಗಾಗಿ. ಸೂರತ್ತಿನ ವಿಧವೆ ವಿಜಯಲಕ್ಷ್ಮಿಯ ಮೊಕದ್ದಮೆಯ ಬೆನ್ನಿಗೆ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ 1882ರಲ್ಲಿ ಪುಣೆಯಲ್ಲಿಯೇ ಅಚ್ಚಾಯಿತು. ದೂರನ್ನು ಹಿಂದಿರುಗಿಸಿ ಪುರುಷನ ಮೇಲೆ ಹೊರಿಸಿದ ಪ್ರಥಮ ಆಧುನಿಕ ಬರಹಗಳಲ್ಲಿ ಅದೊಂದು. ಅರ್ಧ ಶತಮಾನ ಕಳೆದ ಮೇಲೂ, 1931ರಲ್ಲಿ, ರಘುನಾಥ ಧೋಂಡೋ ಕರ್ವೆಯವರು ತಮ್ಮ ‘ಸಮಾಜಸ್ವಾಸ್ಥ್ಯ’ ಪತ್ರಿಕೆಯಲ್ಲಿ ವ್ಯಭಿಚಾರದ ಪ್ರಶ್ನೆಯನ್ನು ಕುರಿತು ಬರೆದಾಗ ಪುಣೆಯ ಸಂಪ್ರದಾಯಸ್ಥರು ಅವರನ್ನು ನ್ಯಾಯಾಲಯಕ್ಕೆಳೆದರು. ನೂರು ರೂಪಾಯಿ ದಂಡವಾಯಿತು. 1934ರ ಎರಡನೆಯ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಬಾಬಾಸಾಹೇಬ ಅಂಬೇಡ್ಕರರು. ಅದರಲ್ಲಿಯೂ ಸೋಲೇ ದೊರೆಯಿತು; ಈ ಸಲ ದಂಡ ಇನ್ನೂರು ರೂಪಾಯಿ. ಕೃತ್ಯವಿರಲಿ, ಅದರ ವಿಷಯವಾಗಿ ಯೋಚಿಸುವುದೂ ನೆರೆಯವರ ದೂರಿಗೆ ಈಡಾಗಬಲ್ಲುದಾಗಿತ್ತು.

ಇನ್ನು ಕನ್ನಡದ ಕೃತಿಗಳಿಗೆ ಬರೋಣ. ಜನ್ನನ ‘ಯಶೋಧರ ಚರಿತೆ’ ಹೊಯ್ಸಳ ವೀರಬಲ್ಲಾಳನ ಕಾಲದ, 1209ರ ಜೈನ ಕಾವ್ಯ. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತನ ಹಾಡನ್ನು ಕೇಳಿ ಅವನಿಗೆ ಸೋಲುತ್ತಾಳೆ. ಅವನು ಕುರೂಪಿ ಅಷ್ಟಾವಂಕ. ರಾಜ ಯಶೋಧರ ಅವಳ ಹಿಂದೆ ಹೋಗಿ ಮರೆಯಲ್ಲಿ ನಿಂತು ಎಲ್ಲವನ್ನೂ ಕಾಣುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ ಕಾಣುತ್ತಾನೆ. ಖಡ್ಗವನ್ನೆತ್ತಿಯೂ ತಡೆಯುತ್ತಾನೆ. ಮರುದಿನ ತಾಯಿ ಚಂದ್ರಮತಿಯ ಮುಂದೆ ಅವನು ಹೇಳುವುದು ಕಂಡ ಸಂಗತಿಯನ್ನಲ್ಲ, ಒಂದು ಕನಸನ್ನು. ದುಃಸ್ವಪ್ನದ ಶಾಂತಿಗೆಂದು ತಾಯಿ ಬಲಿಯನ್ನು ಸೂಚಿಸುತ್ತಾಳೆ. ಜೈನನಾದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಈ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಜನ್ಮಾಂತರಗಳಲ್ಲಿ ತೊಳಲುತ್ತಾರೆ.

ವಿಮರ್ಶಕರು ಈ ಕಾವ್ಯದಲ್ಲಿ ಅಮೃತಮತಿಯ ಮನಸ್ಸಿನ ರಹಸ್ಯವನ್ನು ಸಾಕಷ್ಟು ಶೋಧಿಸಿದ್ದಾರೆ. ನಮ್ಮ ಗಮನ ಸೆಳೆಯುವುದು ರಾಜನ ಮೌನ. ದೂರುದಾರನೂ ಅವನೇ, ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ. ಆದರೂ ದೂರು ದಾಖಲಾಗುವುದಿಲ್ಲ, ಕನಸಾಗಿ ಮಾರುವೇಷ ತೊಡುತ್ತದೆ. ಅಧಿಕಾರವೆಲ್ಲ ಒಬ್ಬನಲ್ಲಿ ನೆಲೆಸಿದಾಗ ಅವನಿಗೆ ದೂರು ಕೊಡಲು ಯಾರೂ ಉಳಿದಿಲ್ಲವೆಂಬ ವಿಚಿತ್ರವನ್ನು ಜನ್ನ ಕಂಡಿದ್ದಾನೆ. ಮತ್ತೊಂದು ಸಂಗತಿ. ಸೌಮಿತ್ರಿ ವಿಷ್ಣು ಮೊಕದ್ದಮೆಯ 1985ರ ತೀರ್ಪಿನಲ್ಲಿ 497ನೆಯ ಕಲಮನ್ನು ಎತ್ತಿಹಿಡಿಯುತ್ತ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ಮರುಳುಗೊಳಿಸುವವನು ಪುರುಷನೇ ಹೊರತು ಸ್ತ್ರೀಯಲ್ಲವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತೆಂದು ಬಗೆದರು. ಪುಣೆಯಲ್ಲಿ ಹುಟ್ಟಿ, ಮೇಲೆ ಹೇಳಿದ ಕಾನೂನು ಕಾಲೇಜಿನಲ್ಲಿಯೇ ಕಲಿತವರು ಅವರು. ಎಂಟು ಶತಮಾನಗಳ ಹಿಂದಿನ ಕನ್ನಡ ಕವಿ ಇದನ್ನು ಒಪ್ಪುತ್ತಿರಲಿಲ್ಲ. ಅಮೃತಮತಿಯನ್ನು ಯಾರೂ ಮರುಳುಗೊಳಿಸಲಿಲ್ಲ. ಅವಳೇ ಆರಿಸಿದಳು, ಅವಳೇ ನಡೆದುಹೋದಳು. ಸಂಹಿತೆ ಅವಳಿಗೆ ಕರುಣೆ ಕೊಟ್ಟು ಇಚ್ಛೆಯನ್ನು ಕಸಿಯಿತು. ಜನ್ನ ಇಚ್ಛೆಯನ್ನು ಕೊಟ್ಟು ಕರುಣೆಯನ್ನು ಕಸಿದ: ಅವಳಿಗೆ ಕುಷ್ಠವನ್ನೂ ನರಕವನ್ನೂ ವಿಧಿಸಿದ. ಗಂಡನಿಗೂ ಅತ್ತೆಗೂ ಅವಳು ವಿಷವಿಕ್ಕಿದಂತೆ ಕಥೆ ಸಾಗುವುದರಿಂದ, ಶಿಕ್ಷೆ ಕೊಲೆಗೋ ಜಾರತನಕ್ಕೋ ಎಂಬುದು ಬೇರ್ಪಡುವುದೇ ಇಲ್ಲ. ಜಾರಕರ್ಮವೊಂದನ್ನೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯವನ್ನು ಕಾವ್ಯ ಮಾಡಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಆ ಧೈರ್ಯವನ್ನು ಮಾಡಿದ್ದು ಕಾರ್ನಾಡರ ‘ಹಿಟ್ಟಿನ ಹುಂಜ’. ವಿಷವೂ ಜನ್ಮಾಂತರಗಳೂ ಇಲ್ಲಿ ಇಲ್ಲ. ಒಂದು ಇರುಳು, ಒಂದು ಹಾಳು ಗುಡಿ, ರಾಜ, ರಾಣಿ, ರಾಜಮಾತೆ, ಮಾವುತ. ರಾಣಿ ಜೈನಳು, ಅವಳಿಗಾಗಿ ರಾಜನೂ ಜೈನನಾಗಿದ್ದಾನೆ. ಇದರಿಂದ ಅಪರಾಧವನ್ನು ಅಳೆಯಲು ಉಳಿಯುವುದು ಕೃತ್ಯವೊಂದೇ. ನಾಟಕದ ನಿಜವಾದ ತೊಡಕು ರಾಜನ ಕ್ರೌರ್ಯದಿಂದ ಹುಟ್ಟುವುದಿಲ್ಲ, ಅವನ ಸೌಜನ್ಯದಿಂದ ಹುಟ್ಟುತ್ತದೆ. ಅವನು ಕ್ಷಮಿಸಲು ಸಿದ್ಧನಿದ್ದಾನೆ. ಏನೂ ಆಗಲಿಲ್ಲವೆಂಬಂತೆ ಹಿಟ್ಟಿನ ಹುಂಜದಲ್ಲಿ ಎಲ್ಲವನ್ನೂ ಮುಗಿಸಲು ಬಯಸುತ್ತಾನೆ. ಪತಿಯ ಸಮ್ಮತಿಯಿದ್ದರೆ ಅಪರಾಧವಿಲ್ಲವೆಂಬ 497ನೆಯ ಕಲಮಿನ ಷರತ್ತನ್ನು ಇಲ್ಲಿ ನೆನೆಯಬೇಕು. ಕ್ಷಮೆಯೂ ದೂರಿನಷ್ಟೇ ಒಡೆತನದ ಮಾತು. ದೂರು ಕೊಡಬಲ್ಲವನು ಮಾತ್ರ ದೂರನ್ನು ಬಿಟ್ಟುಕೊಡಬಲ್ಲ. ರಾಣಿ ಆ ಇರುಳನ್ನು ತನ್ನದೆಂದೇ ಉಳಿಸಿಕೊಳ್ಳಬಯಸುವಾಗ ಅವಳು ನಿರಾಕರಿಸುವುದು ಶಿಕ್ಷೆಯನ್ನಲ್ಲ, ಗಂಡನ ಔದಾರ್ಯವನ್ನು. ಈ ನಾಟಕವನ್ನು ಅಹಿಂಸೆ-ಹಿಂಸೆಗಳ ಚರ್ಚೆಯಾಗಿಯೇ ಓದುವ ವಾಡಿಕೆ ಅದರ ತೀಕ್ಷ್ಣತೆಯನ್ನು ಮೊಂಡುಗೊಳಿಸಿದೆ ಎನ್ನದೆ ವಿಧಿಯಿಲ್ಲ.

1988ರ ‘ನಾಗಮಂಡಲ’ ಹೆಚ್ಚು ಪ್ರಸಿದ್ಧ, ಕರ್ನಾಟಕದ ಹೊರಗೂ ಪರಿಚಿತ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳ ಮೇಲೆ ನಿಂತ ನಾಟಕ ಇದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಬೀಗಹಾಕಿಟ್ಟು ತಾನು ಸೂಳೆಯ ಮನೆಗೆ ಹೋಗುವವನು. ಅವನ ರೂಪದಲ್ಲಿ ಇರುಳು ಬರುವ ನಾಗನಿಂದ ರಾಣಿ ಬಸುರಾದಾಗ ಅಪ್ಪಣ್ಣನೇ ಊರ ಹಿರಿಯರ ಮುಂದೆ ದೂರು ತರುತ್ತಾನೆ. ತನ್ನ ಮೇಲೆ ಪ್ರಮಾಣ ಮಾಡೆಂದು ಯಾರೂ ಅವನನ್ನು ಕೇಳುವುದಿಲ್ಲ. ರಾಣಿ ಹುತ್ತಕ್ಕೆ ಕೈಯಿಕ್ಕಿ, ಗಂಡನನ್ನೂ ಈ ನಾಗನನ್ನೂ ಬಿಟ್ಟು ಅನ್ಯರನ್ನು ಮುಟ್ಟಿಲ್ಲವೆಂದು ಆಣೆಯಿಡುತ್ತಾಳೆ. ಅಕ್ಷರಶಃ ಸತ್ಯವಾದ ಈ ಆಣೆಯಿಂದ ಕಾನೂನು ಸೋಲುತ್ತದೆ; ಅವಳು ದೇವಿಯಾಗುತ್ತಾಳೆ. ಪ್ರೇಕ್ಷಕರಿಗೆ ಇದು ಸಂತೋಷ ಕೊಡುತ್ತದೆ. ನಮಗೆ ಪೂರ್ತಿ ಸಮಾಧಾನವಿಲ್ಲ. ಬಂದವನು ಗಂಡನಲ್ಲವೆಂದು ರಾಣಿಗೆ ತಿಳಿಯದಿರುವುದೇ ಅವಳ ರಕ್ಷೆ. ಅಮೃತಮತಿಗಿದ್ದ ಇಚ್ಛೆಯನ್ನು ತೆಗೆದುಹಾಕಿದ ಮೇಲೆಯೇ ಊರು ಅವಳನ್ನು ಪೂಜಿಸಬಲ್ಲುದು. ಆದರೆ ನಾಟಕದ ಹೊರಚೌಕಟ್ಟಿನಲ್ಲಿ ಒಂದು ಸೂಕ್ಷ್ಮ ಅಡಗಿದೆ. ಇರುಳು ಮನೆಮನೆಯ ದೀಪಗಳು ಆರಿದ ಮೇಲೆ ಜ್ವಾಲೆಗಳು ಪಾಳುಗುಡಿಯಲ್ಲಿ ಸೇರಿ, ತಮ್ಮ ತಮ್ಮ ಮನೆಯೊಳಗಿನ ಗುಟ್ಟನ್ನು ಹರಟುತ್ತವೆ. ಖಾಸಗಿಯೆಂಬ ಕೋಣೆಯಲ್ಲಿ ಸಾಕ್ಷಿ ಎಂದೂ ಇದ್ದೇ ಇತ್ತು. ಅದು ನ್ಯಾಯಸ್ಥಾನಕ್ಕೆ ಹೋಗದೆ ಕಥೆಯಾಯಿತು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಮರುವರ್ಷದ ಎರಡೂ ತೀರ್ಪುಗಳಿಗೆ ಅದೇ ಅಡಿಪಾಯ.

ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಕಾಸರವಳ್ಳಿಯವರು 1977ರಲ್ಲಿ ತೆರೆಗೆ ತಂದ ‘ಘಟಶ್ರಾದ್ಧ’ ಸಂಹಿತೆಯ ಕನ್ನಡಿ ಬಿಂಬದಂತಿದೆ, ಎಡಬಲ ತಿರುವುಮುರುವು. ಸಂಹಿತೆಯಲ್ಲಿ ಪುರುಷನಿಗೆ ಮಾತ್ರ ಶಿಕ್ಷೆ. ಅಗ್ರಹಾರದಲ್ಲಿ ಸ್ತ್ರೀಗೆ ಮಾತ್ರ. ವಿಧವೆ ಯಮುನೆಯನ್ನು ಬಸುರು ಮಾಡಿದ ಶಾಲಾ ಮಾಸ್ತರನನ್ನು ಯಾರೂ ವಿಚಾರಿಸುವುದಿಲ್ಲ. ಬದುಕಿರುವ ಮಗಳ ಹೆಸರಿನಲ್ಲಿ ತಂದೆಯೇ ಗಡಿಗೆಯೊಡೆದು ಶ್ರಾದ್ಧ ಮಾಡುತ್ತಾನೆ. ಆ ಮುದುಕ ಎಳೆಯ ಹುಡುಗಿಯನ್ನು ಮದುವೆಯಾಗುವ ಸುದ್ದಿ ಬಂದಾಗ ಜಾತಿಯ ಕಾನೂನಿಗೆ ಆಕ್ಷೇಪಣೆಯಿಲ್ಲ. ಇಲ್ಲಿ ದೂರುದಾರ ಊರು. ಬಾಧಿತರು ಯಾರೆಂದು ಹೇಳುವ ಅಗತ್ಯವೂ ಅದಕ್ಕಿಲ್ಲ. ನಾಣಿಯೆಂಬ ಬಾಲಕನ ಕಣ್ಣಿನಿಂದ ಎಲ್ಲವನ್ನೂ ತೋರಿಸಿದ್ದರಿಂದ ಯಮುನೆಗೆ ಅಪಾರವಾದ ಕರುಣೆ ದೊರೆತಿದೆ. ಆಕೆಗೆ ಮಾಸ್ತರನಲ್ಲಿ ಬೇಕಾಗಿದ್ದುದೇನು? ಬಾಲಕನಿಗೆ ಅದು ತಿಳಿಯದು, ನಮಗೂ ತಿಳಿಯದೆ ಉಳಿಯುತ್ತದೆ. ಕನ್ನಡದ ಶ್ರೇಷ್ಠ ಚಿತ್ರಗಳಲ್ಲೊಂದರ ಮೇಲೆ ಇದು ದೋಷಾರೋಪಣೆಯಲ್ಲ. ಆದರೆ ಕರುಣೆಯ ದೃಷ್ಟಿ ಇಚ್ಛೆಯನ್ನು ಹೇಗೆ ಮರೆಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

377ನೆಯ ಕಲಮಿನ ಸ್ವರೂಪ ಬೇರೆ. ಅಲ್ಲಿ ಗಂಡನಿಲ್ಲ, ಬಾಧಿತರಿಲ್ಲ, ಸಮ್ಮತಿಗೆ ಬೆಲೆಯಿಲ್ಲ. ಪ್ರಕೃತಿಯ ನಿಯಮವೇ ದೂರುದಾರ. ಮರಾಠಿಯಲ್ಲಿ ವಿಜಯ ತೆಂಡುಲ್ಕರರ ‘ಮಿತ್ರಾಚೀ ಗೋಷ್ಟ’ 1981ರಷ್ಟು ಹಿಂದೆಯೇ ಸ್ತ್ರೀಯರಿಬ್ಬರ ಪ್ರೇಮವನ್ನು ರಂಗಕ್ಕೆ ತಂದಿತ್ತು. 2006ರಲ್ಲಿ ಬಂದ ಸಚಿನ್ ಕುಂಡಲ್ಕರರ ‘ಕೋಬಾಲ್ಟ್ ಬ್ಲೂ’ ಕಾದಂಬರಿಯಲ್ಲಿ ಪುಣೆಯ ಮನೆಯೊಂದರ ಅಣ್ಣತಂಗಿಯರು ಒಬ್ಬನನ್ನೇ ಪ್ರೀತಿಸುತ್ತಾರೆ. 2002ರಲ್ಲಿ ಪುಣೆಯಲ್ಲಿ ಸಮಪಥಿಕ ಟ್ರಸ್ಟನ್ನು ಆರಂಭಿಸಿದ ಬಿಂದುಮಾಧವ ಖಿರೆಯವರ ಬರವಣಿಗೆಯೂ ಈ ಸಾಲಿನದು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಪ್ರಕಟವಾದದ್ದು 2013ರಲ್ಲಿ. ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಕೊಟ್ಟಿದ್ದ ಬಿಡುಗಡೆಯನ್ನು ಸರ್ವೋಚ್ಚ ನ್ಯಾಯಾಲಯ ಹಿಂತೆಗೆದುಕೊಂಡದ್ದು ಅದೇ ವರ್ಷದ ಡಿಸೆಂಬರ್ 11ರಂದು.

ಮೋಹನಸ್ವಾಮಿಯ ಕಥೆಗಳಲ್ಲಿ ಪೊಲೀಸರನ್ನೂ ವಕೀಲರನ್ನೂ ಹುಡುಕುವವರಿಗೆ ನಿರಾಶೆಯಾದೀತು. ಕಾನೂನು ಅಲ್ಲಿ ಇರುವುದು ಇನ್ನೊಂದು ರೂಪದಲ್ಲಿ. ಜೊತೆಯಲ್ಲಿ ಬಾಳಿದ ಕಾರ್ತೀಕ ಹೆಣ್ಣೊಬ್ಬಳನ್ನು ಮದುವೆಯಾಗಹೊರಟಾಗ ಮೋಹನಸ್ವಾಮಿಗೆ ಆಗುವ ನೋವನ್ನು ಹೇಳಿಕೊಳ್ಳಲು ಸ್ಥಳವೇ ಇಲ್ಲ. ಗಂಡನಿಗೆ 497 ಇತ್ತು. ಹೆಂಡತಿಗೆ, ಅಪರಾಧದ ದೂರಿಲ್ಲದಿದ್ದರೂ, ವಿಚ್ಛೇದನದ ನ್ಯಾಯಾಲಯವಾದರೂ ಇತ್ತು. ವಂಚಿತನಾದ ಈ ಪ್ರೇಮಿಗೆ ದೂರುವ ಭಾಷೆಯೂ ಇಲ್ಲ. ದೂರಿದರೆ ಅವನೇ ಅಪರಾಧಿ. ನಿಷೇಧದ ಕಾನೂನು ಸುಖವನ್ನಷ್ಟೇ ಕಸಿಯುತ್ತದೆಂದು ನಾವು ಭಾವಿಸುತ್ತೇವೆ. ಅದು ದುಃಖದ ಮಾನ್ಯತೆಯನ್ನೂ ಕಸಿಯುತ್ತದೆಂಬುದನ್ನು ಕನ್ನಡದಲ್ಲಿ ಇಷ್ಟು ಸರಳವಾಗಿ ತೋರಿಸಿದ ಕೃತಿ ಬೇರೊಂದನ್ನು ನಾವು ಓದಿಲ್ಲ. 2018ರ ತೀರ್ಪು ಅಪರಾಧವನ್ನು ಅಳಿಸಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಒಪ್ಪಲಿಲ್ಲ. ಹಾಗಾಗಿ ಈ ದುಃಖಕ್ಕೆ ಕಥೆಯೇ ಈಗಲೂ ನ್ಯಾಯಸ್ಥಾನ.

ಜೋಸೆಫ್ ಶೈನ್ ಪೀಠದಲ್ಲಿದ್ದ ಡಿ. ವೈ. ಚಂದ್ರಚೂಡರು ತಮ್ಮ ತಂದೆಯವರ 1985ರ ತೀರ್ಪನ್ನು ತಳ್ಳಿಹಾಕಿದ ಸಂಗತಿ ಪತ್ರಿಕೆಗಳಿಗೆ ರುಚಿಸಿತು. ಅದಕ್ಕಿಂತ ಗಮನಾರ್ಹವಾದುದು ತೀರ್ಪಿನ ಅನಂತರ ಉಳಿದುಕೊಂಡದ್ದು. ಸೈನ್ಯದ ಶಿಸ್ತುಕ್ರಮಗಳಿಗೆ ಆ ತೀರ್ಪು ಅಡ್ಡಿಯಲ್ಲವೆಂದು 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿಯಿರುವ ಪುಣೆಯಂತಹ ಊರಿನಲ್ಲಿ ರಸ್ತೆಯ ಒಂದು ಬದಿಗೆ ಒಂದು ನ್ಯಾಯ, ಇನ್ನೊಂದು ಬದಿಗೆ ಇನ್ನೊಂದು. ಅದೇ ವರ್ಷ ಸಂಸತ್ತಿನ ಸಮಿತಿಯೊಂದು ಜಾರಕರ್ಮವನ್ನು ಸ್ತ್ರೀಪುರುಷರಿಬ್ಬರಿಗೂ ಸಮಾನವಾದ ಅಪರಾಧವಾಗಿ ಮರಳಿ ತರಲು ಶಿಫಾರಸು ಮಾಡಿತು, ಸರಕಾರ ಅದನ್ನು ಸ್ವೀಕರಿಸಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 497 ಇಲ್ಲ, 377 ಇಲ್ಲ. ಆದರೆ ವಿವಾಹಿತ ಸ್ತ್ರೀಯನ್ನು ಅಕ್ರಮ ಸಂಭೋಗದ ಉದ್ದೇಶದಿಂದ ಪುಸಲಾಯಿಸಿ ಕರೆದೊಯ್ಯುವವನಿಗೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ 498ನೆಯ ಕಲಮು 84ನೆಯದಾಗಿ ಉಳಿದಿದೆ. ಮುಂಬಾಗಿಲಿನಿಂದ ಕಳಿಸಿದ ಗಂಡನ ದೂರು ಹಿತ್ತಿಲಲ್ಲಿ ಕುಳಿತಿದೆ. ಇನ್ನು ಜಾತಿಯ ದೂರಿನ ವಿಚಾರ. ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರವು 2016ರಲ್ಲಿ ಕಾಯ್ದೆ ಮಾಡಿತು. ಆ ಬಳಿಕವೂ, 2018ರಲ್ಲಿ, ಪುಣೆಯ ಪಿಂಪ್ರಿಯಲ್ಲಿ ತಮ್ಮ ಜಾತಿ ಪಂಚಾಯಿತಿ ನಡೆಸುವ ವಧುವಿನ ಕನ್ಯತ್ವ ಪರೀಕ್ಷೆಯನ್ನು ವಿರೋಧಿಸಿದ ಯುವಕರು ಪೆಟ್ಟು ತಿನ್ನಬೇಕಾಯಿತು. ಘಟಶ್ರಾದ್ಧದ ಕಾಲ ಮುಗಿದಿದೆಯೆಂದು ಬರೆಯುವ ವಿಮರ್ಶಕರು ಇದನ್ನು ಗಮನಿಸಬೇಕು.

ಭಾಷೆಯ ಸಾಕ್ಷ್ಯವನ್ನೂ ಪರಿಶೀಲಿಸಬೇಕಾಗಿದೆ. ಹಾದರವೆಂಬ ಹಳೆಯ ಮಾತಿನಿಂದ ‘ಹಾದರಗಿತ್ತಿ’ ಎಂಬ ಬೈಗುಳ ಕನ್ನಡದಲ್ಲಿ ಸಲೀಸಾಗಿ ಹುಟ್ಟಿತು. ಅದರ ಪುಲ್ಲಿಂಗಕ್ಕೆ ಆಡುಮಾತಿನಲ್ಲಿ ಅಷ್ಟು ಚಲಾವಣೆಯಿಲ್ಲ. ಕನ್ನಡದ ದಿನಪತ್ರಿಕೆಗಳ ಅಪರಾಧ ವಾರ್ತೆಗಳಲ್ಲಿ ಇಂದಿಗೂ ವಯಸ್ಕರಿಬ್ಬರ ವಿವಾಹಬಾಹಿರ ಸಂಬಂಧಕ್ಕೆ ‘ಅಕ್ರಮ ಸಂಬಂಧ’ ಎಂಬುದೇ ರೂಢಿಯ ಪದ. ಅಂತಹ ಸಂಬಂಧ ಅಪರಾಧವಾಗಿ ಉಳಿಯದೆ ವರ್ಷಗಳೇ ಕಳೆದರೂ ಪದವು ತನ್ನ ದೂರನ್ನು ಹಿಂತೆಗೆದುಕೊಂಡಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಕೊಲೆಯೊಂದರ ಸುದ್ದಿಯಲ್ಲಿ ಕೊಲೆಗೆ ವಿವರಣೆಯಾಗಿ ಬರುತ್ತದೆ, ಜನ್ನನಲ್ಲಿ ಬಂದಂತೆಯೇ. ಈ ಪದದ ಚರಿತ್ರೆಯನ್ನು ಪೇಶ್ವೆ ದಫ್ತರಿನಲ್ಲಿರುವ ಕರ್ನಾಟಕ ಸೀಮೆಯ ಕಾಗದಗಳಿಂದ ತೊಡಗಿ ಇಂದಿನ ಪತ್ರಿಕೆಗಳವರೆಗೆ ಹಿಂಬಾಲಿಸಲು ಮೋಡಿ ಲಿಪಿಯನ್ನೂ ಕನ್ನಡವನ್ನೂ ಬಲ್ಲ ಅಭ್ಯಾಸಿಗಳು ಬೇಕು. ಅಂಥವರು ಧಾರವಾಡಕ್ಕಿಂತ ಪುಣೆಯಲ್ಲಿ ದೊರೆಯುವ ಸಂಭವವೇ ಹೆಚ್ಚು.